ಮನೆ ಕೊಳ್ಳುವ ಮುನ್ನ ಪತ್ರಗಳನ್ನು ಓದುವ ಬಗೆ

ಮನೆ ನೋಡಿ ಒಪ್ಪಿಗೆಯಾದ ವಾರದೊಳಗೆ ಮುಂಗಡ ಕೊಟ್ಟು, ಆಮೇಲೆ ಪತ್ರಗಳನ್ನು ವಕೀಲರ ಬಳಿಗೆ ಒಯ್ಯುವವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅಷ್ಟು ಹೊತ್ತಿಗೆ ಗೃಹಪ್ರವೇಶದ ಮುಹೂರ್ತದ ಮಾತೂ ಆಗಿರುತ್ತದೆ. ವಕೀಲರು ಎತ್ತಿ ತೋರಿಸುವ ತೊಡಕುಗಳೆಲ್ಲ ಸಣ್ಣದಾಗಿ ಕಾಣುತ್ತವೆ. ಆದ್ದರಿಂದ ಪರಿಶೀಲನೆ ಮುಗಿಯುವವರೆಗೆ ಟೋಕನ್ ಹಣದ ಹೆಸರಿನಲ್ಲಿಯೂ ಏನನ್ನೂ ಕೊಡಬೇಡಿ. ಪರಿಶೀಲಿಸುವ ವಕೀಲರು ನಿಮ್ಮವರೇ ಆಗಿರಲಿ, ದಲ್ಲಾಳಿ ಕರೆತಂದವರು ಬೇಡ.

ಮೊದಲು ಮಾರುವವರಿಂದ ಮೂಲಪತ್ರ (ಆಸ್ತಿಯ ಒಡೆತನದ ಸರಪಳಿ ಶುರುವಾಗುವ ಹಳೆಯ ಪತ್ರ), ಅದರ ನಂತರದ ಎಲ್ಲ ಕ್ರಯಪತ್ರಗಳು, ಖಾತಾ, ತೆರಿಗೆ ರಸೀದಿಗಳು, ಮಂಜೂರಾದ ಕಟ್ಟಡ ನಕ್ಷೆ, ನಿವೇಶನವು ಹಿಂದೆ ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆಯ ಆದೇಶ, ಇಷ್ಟನ್ನು ಪಡೆಯಿರಿ. ಓದಲು ಜೆರಾಕ್ಸ್ ಸಾಕು. ಆದರೆ ಮುಂಗಡಕ್ಕೆ ಮೊದಲು ಒಮ್ಮೆ ಅಸಲು ಪತ್ರಗಳನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಅಸಲು ಪತ್ರಗಳನ್ನು ಸಾಲ ಕೊಟ್ಟವರ ವಶಕ್ಕೆ ಒಪ್ಪಿಸುವುದೇ ಕಾನೂನಿನ ಪ್ರಕಾರ ಒಂದು ಬಗೆಯ ಅಡಮಾನವಾಗುತ್ತದೆ. ‘ಬೀರುವಿನಲ್ಲಿದೆ, ರಿಜಿಸ್ಟ್ರೇಷನ್ ದಿನ ತರುತ್ತೇವೆ’ ಎಂಬ ಉತ್ತರವನ್ನು ಒಪ್ಪಬಾರದು.

ಎರಡನೆಯದು ಋಣಭಾರ ಪ್ರಮಾಣಪತ್ರ, ಅಂದರೆ ಇಸಿ; ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನದಂಥ ವಹಿವಾಟುಗಳ ಪಟ್ಟಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ವಹಿವಾಟುಗಳು ಸಿಕ್ಕಿದರೆ ನಮೂನೆ 15ರಲ್ಲಿಯೂ ಏನೂ ಸಿಗದಿದ್ದರೆ ನಮೂನೆ 16ರಲ್ಲಿಯೂ ಅದು ಬರುತ್ತದೆ. ನಮೂನೆ 16 ಕೈಗೆ ಬಂದೊಡನೆ ಆಸ್ತಿಯ ಮೇಲೆ ಯಾವ ಋಣವೂ ಇಲ್ಲವೆಂದು ಜನ ನಿರಾಳರಾಗುತ್ತಾರೆ. ವಾಸ್ತವದಲ್ಲಿ ಅದು ಹೇಳುವುದು ಇಷ್ಟೇ: ನೀವು ಕೊಟ್ಟ ವಿವರಕ್ಕೆ, ನೀವು ಕೇಳಿದ ಅವಧಿಯಲ್ಲಿ, ನೋಂದಾಯಿತ ವಹಿವಾಟು ಯಾವುದೂ ಸಿಗಲಿಲ್ಲ. ನನ್ನ ಸಂಬಂಧಿಕರೊಬ್ಬರು ನಿವೇಶನದ ಸಂಖ್ಯೆಯನ್ನು ಮಾತ್ರ ಕೊಟ್ಟು ಇಸಿ ತೆಗೆಸಿದ್ದರು. ಬಂದದ್ದು ನಮೂನೆ 16. ಹಿಂದಿನ ಮಾಲೀಕರು ಮಾಡಿದ್ದ ಅಡಮಾನವು ಹಳೆಯ ಖಾತಾ ಸಂಖ್ಯೆಯ ಅಡಿಯಲ್ಲಿ ನೋಂದಣಿಯಾಗಿತ್ತು. ಸಾಲ ಕೊಟ್ಟಿದ್ದ ಸಂಸ್ಥೆಯವರು ಬಾಗಿಲಿಗೆ ನೋಟಿಸು ಅಂಟಿಸಿದ ದಿನವೇ ಅವರಿಗೆ ಅದು ತಿಳಿದದ್ದು. ಆದ್ದರಿಂದ ಸರ್ವೆ ಸಂಖ್ಯೆ, ನಿವೇಶನ ಸಂಖ್ಯೆ, ಹಳೆಯ ಮತ್ತು ಹೊಸ ಖಾತಾ ಸಂಖ್ಯೆ, ಆಸ್ತಿಯ ಗುರುತಿನ ಸಂಖ್ಯೆ, ಹೀಗೆ ಪತ್ರಗಳಲ್ಲಿ ಕಾಣುವ ಪ್ರತಿಯೊಂದು ವಿವರಕ್ಕೂ ಬೇರೆ ಬೇರೆಯಾಗಿ ಹುಡುಕಿಸಿ.

ಅವಧಿಯ ವಿಷಯದಲ್ಲಿ ನಾನು ಬಿಗಿಯಾಗಿಯೇ ಹೇಳುತ್ತೇನೆ: 13 ವರ್ಷದ ಇಸಿ ಸಾಲದು, 30 ವರ್ಷದ್ದು ಬೇಕು. ಸ್ವಾಧೀನದ ದಾವೆಗೆ 12 ವರ್ಷದ ಮಿತಿ ಇರುವುದರಿಂದ 13ರ ರೂಢಿ ಬಂದಿದೆ. ಆದರೆ ಅಡಮಾನ ಮಾಡಿದವರು ಆಸ್ತಿಯನ್ನು ಬಿಡಿಸಿಕೊಳ್ಳುವುದಕ್ಕೆ ಕಾಲಮಿತಿ ಕಾಯಿದೆಯು 30 ವರ್ಷ ಕೊಡುತ್ತದೆ. 2004ರ ಏಪ್ರಿಲ್ 1ರಿಂದ ಈಚಿನ ವಿವರ ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಾಮಾನ್ಯವಾಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಬೇಕು. ಬೇಸರಪಟ್ಟು ಆ ಭಾಗವನ್ನು ಕೈಬಿಡಬೇಡಿ.

ಇಸಿಯಲ್ಲಿ ಕಾಣದ ಸಂಗತಿಗಳೂ ಇವೆ. ನೋಂದಾಯಿಸದ ಕರಾರು, ಬಾಯಿಮಾತಿನ ಪಾಲು, ನೋಂದಾಯಿಸದ ಉಯಿಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಇವು ಅದರಲ್ಲಿ ಸಿಗಬೇಕೆಂದಿಲ್ಲ. ಮಾಲೀಕರ ಹೆಸರಿನಲ್ಲಿ ಸಿವಿಲ್ ನ್ಯಾಯಾಲಯದ ದಾವೆಗಳನ್ನು ಹುಡುಕಿಸಿ, ಏಕೆಂದರೆ ದಾವೆ ನಡೆಯುತ್ತಿರುವಾಗ ಕೊಂಡವರೂ ಅದರ ತೀರ್ಪಿಗೆ ಬದ್ಧರಾಗುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಬರೆದುಕೊಟ್ಟ ಪತ್ರವನ್ನು ನೋಂದಣಿಗೆ ಹಾಜರುಪಡಿಸಲು ನಾಲ್ಕು ತಿಂಗಳ ಕಾಲಾವಕಾಶವಿದೆ, ಮತ್ತು ನೋಂದಣಿಯಾದ ಮೇಲೆ ಅದು ಬರೆದುಕೊಟ್ಟ ದಿನದಿಂದಲೇ ಜಾರಿಗೆ ಬರುತ್ತದೆ. ಹೀಗಾಗಿ ಇಂದಿನ ಇಸಿಯಲ್ಲಿ ಕಾಣದ ಪತ್ರವೊಂದು ನಾಳೆ ನಿಮ್ಮದಕ್ಕಿಂತ ಮೊದಲಿನದಾಗಿ ನಿಲ್ಲಬಹುದು. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ತಕರಾರುಗಳನ್ನು ಕೇಳುವುದರಿಂದ, ನೀವು ಸದುದ್ದೇಶದಿಂದ ವಿಚಾರಿಸಿ ಕೊಂಡಿರಿ ಎಂಬುದಕ್ಕೆ ದಾಖಲೆಯಾದರೂ ಉಳಿಯುತ್ತದೆ.

ಇಸಿಯನ್ನು ಪಕ್ಕದಲ್ಲಿಟ್ಟುಕೊಂಡು ಕ್ರಯಪತ್ರಗಳನ್ನು ಹಳೆಯದರಿಂದ ಹೊಸದಕ್ಕೆ ಓದಿ. ಒಂದು ಪತ್ರದಲ್ಲಿ ಕೊಂಡವರೇ ಮುಂದಿನ ಪತ್ರದಲ್ಲಿ ಮಾರಿದವರಾಗಿರಬೇಕು. ನಡುವೆ ಹೆಸರು ಬದಲಾಗಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಾಲುಪತ್ರಗಳಲ್ಲಿ ಕಾರಣ ಸಿಗಬೇಕು. ಪ್ರತಿ ಪತ್ರದ ಕೊನೆಯ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರವನ್ನು, ಬೆರಳಿಟ್ಟು ಹೋಲಿಸಿ. ಹಳೆಯ ಪತ್ರದಲ್ಲಿ ಪೂರ್ವಕ್ಕೆ ‘ರಸ್ತೆ’ ಎಂದಿದ್ದು, ಹೊಸದರಲ್ಲಿ ‘ನಿವೇಶನ ಸಂಖ್ಯೆ 14’ ಎಂದಾಗಿದ್ದರೆ, ಅದು ಬರಹಗಾರರ ಕೈತಪ್ಪೋ, ನೀವು ನೋಡಿದ ಮನೆಯೇ ಬೇರೆಯೋ ಎಂಬುದು ಸ್ಥಳಕ್ಕೆ ಹೋಗಿ ಅಳೆಯುವವರೆಗೆ ತಿಳಿಯುವುದಿಲ್ಲ.

ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿಯನ್ನು ಖಂಡಿತವಾಗಿ ಕೇಳಿ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು. ಆ ಹೊತ್ತಿಗೆ ತಂದೆ ಜೀವಂತವಾಗಿದ್ದಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದೆ. ‘ಮದುವೆಯಲ್ಲಿ ಎಲ್ಲ ಕೊಟ್ಟಾಗಿದೆ’ ಎಂಬ ಮಾತು ಹಕ್ಕುಬಿಡುಗಡೆ ಪತ್ರಕ್ಕೆ ಸಮನಲ್ಲ. ಮಾರಾಟದ ಕಾಲಕ್ಕೆ ಅಪ್ರಾಪ್ತರಾಗಿದ್ದವರ ಸ್ವಂತ ಆಸ್ತಿ ಅಥವಾ ಪಾಲು ಸೇರಿದ್ದರೆ ನ್ಯಾಯಾಲಯದ ಅನುಮತಿ ಇತ್ತೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನಲ್ಲಿ ಬಂದ ನಿವೇಶನವಾದರೆ 1978ರ ವರ್ಗಾವಣೆ ನಿಷೇಧ ಕಾಯಿದೆಯು ನಿಮಗೂ ತಾಗುತ್ತದೆ.

ಎರಡು ಅಡ್ಡದಾರಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮತ್ತು ಕರಾರಿನ ಮೂಲಕ ‘ಕೊಂಡ’ ಮನೆಯ ಒಡೆತನ ನಿಮಗೆ ಬರುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಖಾತಾ ಇದೆಯೆಂಬ ಭರವಸೆಯೂ ಸಾಲದು, ಅದು ತೆರಿಗೆ ಯಾರಿಂದ ಬರಬೇಕೆಂಬ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಅಂಗಡಿಗಳಲ್ಲಿ ಮಾರುವ ಸಿದ್ಧ ಕರಾರು ನಮೂನೆಗಳನ್ನಂತೂ ಬಳಸಲೇಬೇಡಿ. ಬ್ಯಾಂಕಿನ ವಕೀಲರು ಒಪ್ಪಿದ್ದಾರೆ ಎಂದು ನಿಮ್ಮ ಪರಿಶೀಲನೆಯನ್ನು ಬಿಡಲೂಬೇಡಿ, ಏಕೆಂದರೆ ಅವರು ನೋಡುವುದು ಬ್ಯಾಂಕಿನ ಹಣದ ಭದ್ರತೆಯನ್ನು.

ಇದೆಲ್ಲ ಸರಿಯಿದ್ದರೆ ಕ್ರಯ ಕರಾರು. ಬಾಕಿ ಹಣದ ಗಡುವು, ದೋಷ ಕಂಡರೆ ಮುಂಗಡ ಹಿಂತಿರುಗಿಸುವ ದಿನ, ಮನೆಯ ಸ್ವಾಧೀನ ಕೊಡುವ ದಿನ, ಈ ಮೂರೂ ದಿನಾಂಕಸಹಿತ ಇರಲಿ. ಮಾರುವವರಿಗೂ ಒಂದು ಮಾತು: ಪೂರ್ತಿ ಹಣ ಬರುವ ಮುನ್ನ ಬೀಗದ ಕೈ ಕೊಡಬೇಡಿ; ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ, ಕೊಂಡವರನ್ನು ಎಬ್ಬಿಸುವುದೂ ಕಷ್ಟವಾಗುತ್ತದೆ. ಹಣವೆಲ್ಲ ಬ್ಯಾಂಕಿನ ಮೂಲಕವೇ ಹೋಗಲಿ. ಬೆಲೆ 50 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ 1ರಷ್ಟು ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿ ಭಾರತೀಯರಾದರೆ ಲೆಕ್ಕವೇ ಬೇರೆ, ಲೆಕ್ಕಪರಿಶೋಧಕರನ್ನು ಕೇಳದೆ ಪಾವತಿಸಬೇಡಿ.

ನೋಂದಣಿಯ ದಿನ ಬೆಳಿಗ್ಗೆ ಇನ್ನೊಮ್ಮೆ ಇಸಿ ತೆಗೆಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊರಡುವ ಮುನ್ನ ಹಳೆಯ ಅಸಲು ಪತ್ರಗಳನ್ನೆಲ್ಲ ಎಣಿಸಿ ಪಡೆದು, ಪ್ರತಿಯೊಂದರ ನೋಂದಣಿ ಸಂಖ್ಯೆ, ವರ್ಷಗಳನ್ನು ಬರೆದ ಪಟ್ಟಿಗೆ ಮಾರಿದವರ ಸಹಿ ಹಾಕಿಸಿಕೊಳ್ಳಿ. ಖಾತಾ ವರ್ಗಾವಣೆಯ ಅರ್ಜಿಯನ್ನು ಅದೇ ವಾರ ಸಲ್ಲಿಸಿ.