ಹೋಟೆಲ್ ಬಗ್ಗೆ ನಾಲ್ಕು ಸಾಲು ಬರೆಯೋದು ಹೇಗೆ: ಒಬ್ಬ ಕಾಫಿ ಪುಡಿಯವನ ಮಾತು

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗ ಹುಬ್ಬಳ್ಳಿ ಕಡೆಯವನು. ಮೈಸೂರಿನ ಹೆಬ್ಬಾಳದ ಕಂಪನಿಯಲ್ಲಿ ಕೆಲಸ. ಬಂದ ಮೊದಲ ವಾರವೇ ಫೋನ್ ಹಿಡಿದುಕೊಂಡು ಕೆಳಗಿಳಿದು ಬಂದ. ‘ಅಂಕಲ್, ಈ ಹೋಟೆಲಿಗೆ ನೂರು ಮಂದಿ ರಿವ್ಯೂ ಬರದಾರ್ರಿ. ಎಲ್ಲಾರೂ ಸೂಪರ್ ಅಂತಾರ. ಅಲ್ಲಿ ಹೋಗಿ ಏನು ತಿನ್ನಬೇಕು ಅಂತ ಒಬ್ಬರೂ ಹೇಳಿಲ್ಲ ನೋಡ್ರಿ’ ಅಂದ.

ನಾನು 18 ವರ್ಷ ಮೈಸೂರಿನ ಹೋಟೆಲುಗಳಿಗೆ ಕಾಫಿ ಪುಡಿ ಹಾಕಿದವನು. ಬೆಳಗ್ಗೆ ಐದೂವರೆಗೆ ಸ್ಕೂಟರಿನ ಮುಂದೆ ಚೀಲ ಇಟ್ಟುಕೊಂಡು ಅಗ್ರಹಾರದಲ್ಲಿ ಶುರು ಮಾಡಿದರೆ ಒಂಟಿಕೊಪ್ಪಲು ಮುಗಿಯುವಾಗ ಒಂಬತ್ತಾಗುತ್ತಿತ್ತು. ಎಲ್ಲ ಹೋಟೆಲಿಗೂ ಹೋಗುತ್ತಿದ್ದದ್ದು ಹಿಂಬಾಗಿಲಿಂದ. ಈಗ ಕೆಲಸ ಬಿಟ್ಟಿದ್ದೇನೆ. ಮುಂಬಾಗಿಲಿಂದ ಹೋಗಿ, ದುಡ್ಡು ಕೊಟ್ಟು ತಿಂದು, ಮನೆಗೆ ಬಂದು ಫೋನಿನಲ್ಲಿ ನಾಲ್ಕು ಸಾಲು ಬರೆಯುತ್ತೇನೆ. ಆ ಹುಡುಗನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲನೆಯದು, ಯಾರಿಗೆ ಬರೆಯುತ್ತಿದ್ದೀರಿ ಅಂತ ನೆನಪಿಟ್ಟುಕೊಳ್ಳಿ. ಹೋಟೆಲಿನವರಿಗೂ ಅಲ್ಲ, ನಿಮ್ಮ ಸ್ನೇಹಿತರಿಗೂ ಅಲ್ಲ. ನಾಳೆ ಬೆಳಗ್ಗೆ ಹಸಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವನಿಗೆ. ಅವನಿಗೆ ಬೇಕಾದ್ದು ಯಾವ ಅಂಗಡಿ, ಯಾವ ಹೊತ್ತು, ಯಾವ ತಿಂಡಿ, ಎಷ್ಟು ದುಡ್ಡು. ಅಷ್ಟೇ.

ಯಾವ ಅಂಗಡಿ ಅನ್ನೋದು ಸುಲಭ ಅನ್ನಿಸುತ್ತೆ ಅಲ್ವಾ? ನಜರ್‌ಬಾದಿಗೆ ಹೋಗಿ ನೋಡಿ. ಮೈಲಾರಿ ಅಂತ ಬೋರ್ಡಿರುವ ಹೋಟೆಲು ಅಲ್ಲಿ ಒಂದೇ ಅಲ್ಲ. ಹನುಮಂತು ಪಲಾವ್ ಅಂದರೆ ಮಂಡಿ ಮೊಹಲ್ಲಾ ಅನ್ನುತ್ತೇವೆ, ಆದರೆ ಆ ಹೆಸರಿನ ಬೋರ್ಡು ಊರಿನ ಬೇರೆ ಕಡೆಯೂ ಕಾಣುತ್ತದೆ. ‘ಮೈಲಾರಿಯಲ್ಲಿ ತಿಂದೆ’ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ಬೋರ್ಡಿನ ಮೇಲಿರುವ ಹೆಸರನ್ನು ಪೂರ್ತಿ ಬರೆಯಿರಿ. ಎದುರಿಗೆ ಏನಿದೆ, ಯಾವ ಸರ್ಕಲ್ಲಿನಿಂದ ಯಾವ ಕಡೆ ತಿರುಗಬೇಕು, ಒಂದು ಸಾಲು ಹಾಕಿ.

ಹೊತ್ತಿನ ವಿಷಯ ಯಾರೂ ಬರೆಯೋದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಅದೇ. ಒಂದೇ ಅಡುಗೆಮನೆ ಬೆಳಗ್ಗೆ ಏಳಕ್ಕೆ ಒಂದು ಥರ, ಹನ್ನೊಂದಕ್ಕೆ ಇನ್ನೊಂದು ಥರ. ಮೊದಮೊದಲ ದೋಸೆಗಳಿಗೆ ಕಲ್ಲು ಇನ್ನೂ ಪಳಗಿರೋದಿಲ್ಲ. ಹತ್ತಿಪ್ಪತ್ತು ದೋಸೆ ಹೊಯ್ದ ಮೇಲೆ ಬಣ್ಣ ಸರಿಯಾಗಿ ಬರುತ್ತದೆ. ಮಧ್ಯಾಹ್ನ ದಾಟಿದರೆ ಅದೇ ಹಿಟ್ಟಿಗೆ ಹುಳಿ ಜಾಸ್ತಿ. ವಡೆ ಬಾಣಲೆಯಿಂದ ಇಳಿದು ಅರ್ಧ ಗಂಟೆಯಾದರೆ ಕೈಗೆ ಎಣ್ಣೆ ಹತ್ತುತ್ತದೆ. ಮಿಲಿಟರಿ ಹೋಟೆಲಿನಲ್ಲಿ ತಲೆಮಾಂಸ, ಕಾಲು ಸೂಪು ಬೇಕೆಂದರೆ ಬೇಗ ಹೋಗಬೇಕು. ತಡವಾಗಿ ಹೋಗಿ ‘ಏನೂ ಇರಲಿಲ್ಲ, ಒಂದು ಸ್ಟಾರ್’ ಅಂತ ಬರೆದರೆ ತಪ್ಪು ಯಾರದು?

ಕಾಫಿಯಲ್ಲಂತೂ ಹೊತ್ತೇ ಎಲ್ಲ. ಬೆಳಗ್ಗೆ ಇಳಿಸಿದ ಮೊದಲ ಡಿಕಾಕ್ಷನ್ನಿಗೆ ಒಂದು ಘಮ ಇರುತ್ತದೆ. ಕೆಲವು ಕಡೆ ಅದು ಮುಗಿದ ಮೇಲೆ ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಹುಯ್ಯುತ್ತಾರೆ. ಹಿಂಬಾಗಿಲಲ್ಲಿ ನಿಂತು ನೋಡಿದ್ದೇನೆ, ಹೆಸರು ಹೇಳೋದಿಲ್ಲ. ಆ ಎರಡನೇ ಡಿಕಾಕ್ಷನ್ನಿನಲ್ಲಿ ಕಹಿ ಇರುತ್ತದೆ, ಘಮ ಇರೋದಿಲ್ಲ. ಇನ್ನೊಂದು ಗುಟ್ಟು ಚಿಕೋರಿ. ಅದು ಹುರಿದ ಬೇರಿನ ಪುಡಿ. ಬಣ್ಣ ಕೊಡುತ್ತದೆ, ದಪ್ಪ ಕೊಡುತ್ತದೆ, ಆದರೆ ಅದರಲ್ಲಿ ಕೆಫೀನ್ ಇಲ್ಲ. ಮಿಶ್ರ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ ಅಂತ ಕಾನೂನಿದೆ. ಹಾಗಾಗಿ ‘ಕಾಫಿ ಸ್ಟ್ರಾಂಗ್ ಆಗಿತ್ತು’ ಅಂತ ಬರೆಯುವ ಮುಂಚೆ ಲೋಟ ಮೂಗಿನ ಹತ್ತಿರ ತನ್ನಿ. ಕಪ್ಪಗಿದ್ದು ವಾಸನೆ ಕಡಿಮೆ ಇದ್ದರೆ ಅದು ಸ್ಟ್ರಾಂಗ್ ಅಲ್ಲ, ಚಿಕೋರಿ ಜಾಸ್ತಿ. ‘ಬೆಳಗ್ಗೆ 7.30, ಕಾಫಿ ಘಮ ಚೆನ್ನಾಗಿತ್ತು, ಸಕ್ಕರೆ ಬೇರೆ ಕೇಳಿ ಹಾಕಿಸಿಕೊಳ್ಳಿ’ ಅಂದರೆ ಓದಿದವನಿಗೆ ಉಪಯೋಗ.

ತಿಂಡಿಯ ಬಗ್ಗೆ ಬರೆಯುವಾಗ ಒಂದು ತಟ್ಟೆ ಹಿಡಿದುಕೊಳ್ಳಿ. ಒಂದೇ ಸಲ ಹೋಗಿ ಮೆನು ಪೂರ್ತಿ ಬರೆಯಲು ಹೋಗಬೇಡಿ. ನಾನು ಮಾಡೋದು ಹೀಗೆ. ಮೊದಲು ಚಟ್ನಿ ಮಾತ್ರ ಬೆರಳಲ್ಲಿ ನೆಕ್ಕುತ್ತೇನೆ. ಕಾಯಿ ತಾಜಾ ಇದೆಯಾ, ನೀರು ಹಾಕಿ ಎಳೆದಿದ್ದಾರಾ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಸಾಂಬಾರ್ ಒಂದು ಚಮಚ. ಆಮೇಲೆ ದೋಸೆಯ ಅಂಚು, ಏನೂ ನೆಂಚಿಕೊಳ್ಳದೆ. ಮೂರನ್ನೂ ಕಲಸಿ ಬಾಯಿಗಿಟ್ಟರೆ ಯಾವುದು ಚೆನ್ನಾಗಿತ್ತು ಅಂತ ದೇವರಿಗೂ ಹೇಳೋಕಾಗಲ್ಲ. ಇನ್ನು ಪದಗಳು. ನಮ್ಮ ಭಾಷೆಯಲ್ಲಿ ಊಟಕ್ಕೆ ಎಷ್ಟೊಂದು ಮಾತಿದೆ! ಗರಿಗರಿ, ಮೆದು, ಜಿಗುಟು, ಉದುರುದುರು, ಸಪ್ಪೆ, ಒಗರು, ಕಮಟು, ಹಸಿ ವಾಸನೆ, ಸೀದ ವಾಸನೆ. ಇಷ್ಟೆಲ್ಲ ಇರುವಾಗ ‘ಸೂಪರ್’ ಒಂದನ್ನೇ ಯಾಕೆ ಸವೆಸಬೇಕು?

ಆ ತಿಂಡಿ ಹೇಗಿರಬೇಕೋ ಹಾಗಿದೆಯಾ ಅಂತ ನೋಡಿ. ನೀವು ಅಂದುಕೊಂಡ ಹಾಗಿದೆಯಾ ಅಂತ ಅಲ್ಲ. ಮೈಲಾರಿ ದೋಸೆಗೆ ‘ಗರಿಗರಿ ಇಲ್ಲ’ ಅಂತ ದೂರು ಬರೆದವರನ್ನು ನೋಡಿದ್ದೇನೆ. ಅದು ಇರೋದೇ ಮೆತ್ತಗೆ, ಬಾಯಲ್ಲಿ ಕರಗುವ ಹಾಗೆ. ಜೊತೆಗೆ ಕಾಯಿ ಚಟ್ನಿ, ಒಳಗೆ ಸಾಗು. ಕೆಂಪು ಚಟ್ನಿ ಸವರಿದ ಮೈಸೂರು ಮಸಾಲೆ ಬೇಕಾದವನು ಬೇರೆ ಹೋಟೆಲಿಗೆ ಹೋಗಬೇಕು. ಇಡ್ಲಿಯನ್ನು ಗರಿಗರಿ ಇಲ್ಲ ಅಂದರೆ ಹೇಗೆ? ನಮ್ಮ ಹುಡುಗ ರೈಲಿನಲ್ಲಿ ಮದ್ದೂರು ವಡೆ ತಿಂದು ‘ವಡೆ ಉಬ್ಬಿಲ್ಲ’ ಅಂದಿದ್ದ. ಅದು ಉದ್ದಿನ ವಡೆ ಅಲ್ಲಪ್ಪಾ, ಅಕ್ಕಿ ಹಿಟ್ಟು, ಮೈದಾ, ರವೆ, ಈರುಳ್ಳಿ ಹಾಕಿ ಚಪ್ಪಟೆ ತಟ್ಟೋದು ಅಂತ ಹೇಳಿದೆ. ಮೈಸೂರು ಪಾಕೂ ಅಷ್ಟೆ. ತೂತು ತೂತಾಗಿ ಗಟ್ಟಿ ಇದ್ದರೆ ಹಳೆಯದು ಅಂದುಕೊಳ್ಳಬೇಡಿ. ಪಾಕಕ್ಕೆ ಕಾದ ತುಪ್ಪ ಹುಯ್ದಾಗ ನೊರೆಯೆದ್ದು ಆ ತೂತು ಬರುತ್ತದೆ. ಮೆತ್ತಗಿನದು ಇನ್ನೊಂದು ಬಗೆ. ಯಾವ ಬಗೆ ಅಂತ ಬರೆದರೆ ಸಾಕು, ಬೇಕಾದವರು ಬೇಕಾದ ಅಂಗಡಿಗೆ ಹೋಗುತ್ತಾರೆ.

ನಿಮ್ಮ ನಾಲಿಗೆ ಯಾವ ಊರಿನದು ಅಂತಲೂ ಹೇಳಿಬಿಡಿ. ‘ಇಲ್ಲಿ ಸಾಂಬಾರ್ ಸಿಹಿ ಯಾಕ್ರಿ?’ ಅಂತ ಹುಡುಗ ದಿನಾ ಗೊಣಗುತ್ತಿದ್ದ. ನಮಗೆ ಬೆಲ್ಲ ಬಿದ್ದದ್ದೇ ಗೊತ್ತಾಗೋದಿಲ್ಲ. ಅವನಿಗೆ ಸಪ್ಪೆ ಅನ್ನಿಸುವ ಖಾರಕ್ಕೆ ನನ್ನ ಹೆಂಡತಿ ನೀರು ಕುಡಿಯುತ್ತಾಳೆ. ‘ನಾನು ಹುಬ್ಬಳ್ಳಿಯವನು, ನನಗೆ ಸಿಹಿ ಅನ್ನಿಸಿತು’ ಅಂತ ಬರೆದರೆ ಸುಳ್ಳೂ ಅಲ್ಲ, ಅನ್ಯಾಯವೂ ಅಲ್ಲ.

ಅವನನ್ನು ಒಂದು ಭಾನುವಾರ ಮಂಡ್ಯಕ್ಕೆ ಮುದ್ದೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಪಾಪ, ಮುದ್ದೆಯನ್ನು ಅಗಿಯುತ್ತಾ ಕೂತ. ಪಕ್ಕದ ಮೇಜಿನ ಯಜಮಾನರು ‘ನುಂಗಪ್ಪಾ, ಅಗೀಬ್ಯಾಡ’ ಅಂತ ಹೇಳಿಕೊಟ್ಟರು. ಮುದ್ದೆಗೆ ರುಚಿಯಿಲ್ಲ ಅಂತ ಬರೆಯುವವರಿಗೆ ಒಂದು ಮಾತು: ರುಚಿ ಇರೋದು ಸಾರಿನಲ್ಲಿ. ಮುದ್ದೆಯಲ್ಲಿ ನೋಡಬೇಕಾದ್ದು ಬಿಸಿ ಇದೆಯಾ, ಗಂಟಿದೆಯಾ, ಹಸಿ ಹಿಟ್ಟಿನ ವಾಸನೆ ಬರುತ್ತದಾ, ಮುರಿದಾಗ ಕೈಗೆ ಅಂಟುತ್ತದಾ. ಬಸ್ಸಾರು ಕೊಟ್ಟರೆ ಪಲ್ಯವೂ ಬಂತಾ ಅಂತ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರೇ ಸಾರಾಗುವುದು, ಉಳಿದದ್ದು ಪಲ್ಯವಾಗುವುದು. ಎರಡೂ ಒಂದೇ ಪಾತ್ರೆಯ ಮಕ್ಕಳು. ಇನ್ನು ಮಾಂಸದ ಹೋಟೆಲಿನಲ್ಲಿ ‘ಬನ್ನೂರು ಕುರಿ’ ಅಂತ ಬೋರ್ಡಿರುತ್ತದೆ. ಅದು ಬನ್ನೂರಿನದೋ ಅಲ್ಲವೋ ತಟ್ಟೆ ನೋಡಿ ಹೇಳುವಷ್ಟು ದೊಡ್ಡ ನಾಲಿಗೆ ನನಗಿಲ್ಲ. ‘ಮಾಂಸ ಮೆತ್ತಗೆ ಬೆಂದಿತ್ತು, ಮೂಳೆ ಕಡಿಮೆ’ ಅಂತ ಕಂಡದ್ದನ್ನು ಬರೆಯುತ್ತೇನೆ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ರೇಟು ಬರೆಯಿರಿ, ಜೊತೆಗೆ ತಿಂದ ತಿಂಗಳು ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಯಾರೋ ಗಲ್ಲಾದ ಮುಂದೆ ಜಗಳಕ್ಕೆ ನಿಲ್ಲುತ್ತಾರೆ. ಬಿಲ್ಲಿನಲ್ಲಿ ಶೇ. 5 ಜಿಎಸ್‌ಟಿ ಇದ್ದರೆ ಅದು ಮಾಮೂಲಿ. ವ್ಯಾಪಾರದ ಮೇಲೆ ಇಂತಿಷ್ಟು ಅಂತ ತೆರಿಗೆಯನ್ನು ತಾವೇ ಕಟ್ಟುವ ‘ಕಾಂಪೋಸಿಷನ್ ಸ್ಕೀಮಿನ’ ಸಣ್ಣ ಹೋಟೆಲಿನವರು ಮಾತ್ರ ತೆರಿಗೆ ಅಂತ ಬೇರೆ ವಸೂಲಿ ಮಾಡುವಂತಿಲ್ಲ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಸೇರಿಸಿದ್ದರೆ ಅದನ್ನೂ ಬರೆಯಬಹುದು. ಫೋಟೋ ಹಾಕೋದಾದರೆ ರೇಟಿನ ಬೋರ್ಡಿನ ಫೋಟೋ ಹಾಕಿ. ದೋಸೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ಕೆಟ್ಟದ್ದು ಬರೆಯುವ ಮುಂಚೆ ಎರಡು ಸಲ ಹೋಗಿ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಇನ್ನೂ ಪುಡಿ ಹಾಕುತ್ತಿದ್ದ ಕಾಲ. ಜ್ವರ ಬಂದು ಐದು ದಿನ ಮಾತ್ರೆ ನುಂಗಿದ್ದೆ. ಆರನೇ ದಿನ ಒಂದು ಹೋಟೆಲಿನಲ್ಲಿ ಕಾಫಿ ಕುಡಿದೆ. ಔಷಧಿಯ ಹಾಗೆ ಕಹಿ. ಸಿಟ್ಟಿನಲ್ಲಿ ಅಲ್ಲೇ ಕೂತು ‘ಕಾಫಿ ಬಾಯಿಗಿಡೋಕಾಗಲ್ಲ, ಪುಡಿಯೇ ಸರಿಯಿಲ್ಲ’ ಅಂತ ಬರೆದುಬಿಟ್ಟೆ. ಸಂಜೆ ಹೋಟೆಲಿನವರು ಫೋನ್ ಮಾಡಿ ನಗುತ್ತಾ ಕೇಳಿದರು, ‘ಅಣ್ಣಾ, ಪುಡಿ ನಿಮ್ಮದೇ ಅಲ್ವಾ?’

ಅವತ್ತಿನಿಂದ ನೆಗಡಿ ಇದ್ದರೂ ಬರೆಯೋದಿಲ್ಲ. ದಸರಾ ಹೊತ್ತಿನಲ್ಲಿ ಬರೆಯೋದಿಲ್ಲ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದ ಜನ ಇಳಿಯುವ ಹೊತ್ತಿನಲ್ಲೂ ಬರೆಯೋದಿಲ್ಲ. ಆ ದಿನಗಳಲ್ಲಿ ಯಾವ ಅಡುಗೆಮನೆಯೂ ತಾನಾಗಿ ಇರೋದಿಲ್ಲ. ಸಪ್ಲೈಯರ್ ಹುಡುಗರ ಹೆಸರು, ಮುಖ ಯಾವುದನ್ನೂ ಹಾಕಬೇಡಿ. ಕಾಯಿಸಿದರು ಅಂದರೆ ಸಾಕು. ಎಷ್ಟು ನಿಮಿಷ ಅಂತ ಹೇಳಿ. ತಿಂಡಿ ಹಳಸಿದ್ದರೆ ಮೊದಲು ಗಲ್ಲಾದಲ್ಲಿ ಹೇಳಿ, ಅವರು ಏನು ಮಾಡಿದರು ಅಂತ ನೋಡಿಕೊಂಡು ಬರೆಯಿರಿ. ‘ಇಲ್ಲಿ ತಿಂದು ಹೊಟ್ಟೆ ಕೆಟ್ಟಿತು’ ಅಂತ ಬರೆಯೋದು ದೊಡ್ಡ ಮಾತು. ಕೆಲವು ಸೋಂಕು ಒಂದೆರಡು ಗಂಟೆಯಲ್ಲೇ ಕಾಡುತ್ತದೆ, ಕೆಲವು ಒಂದೆರಡು ದಿನ ಬಿಟ್ಟು. ಹಿಂದಿನ ದಿನ ಮದುವೆಮನೆಯಲ್ಲಿ ತಿಂದದ್ದಕ್ಕೆ ಬೆಳಗಿನ ಇಡ್ಲಿಯವನು ಬೈಸಿಕೊಳ್ಳಬಾರದು. ಅನುಮಾನ ಗಟ್ಟಿಯಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಹೋಟೆಲಿನ 14 ಅಂಕಿಯ ಲೈಸೆನ್ಸ್ ನಂಬರು ಬರೆದುಕೊಂಡಿದ್ದರೆ ಆಗ ಉಪಯೋಗಕ್ಕೆ ಬರುತ್ತದೆ.

ಪುಕ್ಕಟೆ ತಿಂದದ್ದರ ಬಗ್ಗೆ ಬರೆಯಬೇಡಿ. ನನ್ನನ್ನು ನೋಡಿದರೆ ಹಳೇ ಸಲುಗೆಗೆ ಬೈಟು ಕಾಫಿ ಕಳಿಸುವವರಿದ್ದಾರೆ. ಕುಡಿಯುತ್ತೇನೆ, ಬರೆಯೋದಿಲ್ಲ. ಇನ್ನಿಬ್ಬರು ನನಗೆ ಹಳೇ ಬಾಕಿ ಕೊಡಬೇಕು. ಅವರ ಬಗ್ಗೆಯೂ ಬರೆಯೋದಿಲ್ಲ. ಅವರ ದೋಸೆ ಎಷ್ಟು ಚೆನ್ನಾಗಿದ್ದರೂ ನನ್ನ ಬಾಯಿಗೆ ಸರಿಬರೋದಿಲ್ಲ, ಏನು ಮಾಡೋದು.

ಇಷ್ಟೆಲ್ಲ ಕೇಳಿಸಿಕೊಂಡ ಹುಡುಗ ಹೋದ ವಾರ ಮೊದಲನೇ ರಿವ್ಯೂ ಬರೆದು ತಂದು ತೋರಿಸಿದ: ‘ಮಂಗಳವಾರ ಬೆಳಿಗ್ಗೆ 8ಕ್ಕೆ ಹೋಗಿದ್ದೆ. ಎರಡು ಇಡ್ಲಿ, ಒಂದು ವಡೆ. ಇಡ್ಲಿ ಬಿಸಿ, ಮೆದು, ಹುಳಿ ಇಲ್ಲ. ವಡೆ ಆಗಷ್ಟೇ ಇಳಿಸಿದ್ದು, ಮೆಣಸು ಹಲ್ಲಿಗೆ ಸಿಗುತ್ತದೆ. ಚಟ್ನಿ ಎರಡನೇ ಸಲ ಕೇಳಿದರೂ ಮುಖ ಗಂಟಿಕ್ಕಲಿಲ್ಲ. ಸಾಂಬಾರ್ ಸಿಹಿ, ಆದರೆ ನಾನು ಹುಬ್ಬಳ್ಳಿಯವನು. ಕೂರಲು ಜಾಗ ಕಡಿಮೆ, ಹತ್ತು ನಿಮಿಷ ನಿಂತಿದ್ದೆ. ಕಾಫಿ ಕುಡಿಯುವವರು ಸಕ್ಕರೆ ಕಡಿಮೆ ಅಂತ ಮೊದಲೇ ಹೇಳಿ.’

ಓದಿ ಖುಷಿಯಾಯಿತು. ಎರಡು ಸಲ ಓದಿದೆ. ‘ಎಲ್ಲಾ ಸರಿ ಕಣಪ್ಪಾ, ಹೋಟೆಲ್ ಯಾವುದು?’ ಅಂತ ಕೇಳಿದೆ. ಹೆಸರು ಬರೆಯೋದನ್ನೇ ಮರೆತಿದ್ದ.