ಎಲ್ಲ ಮಕ್ಕಳ ಆಟದಂಗಳ: ಮೊದಲು ನೆಲ, ಆಮೇಲೆ ಜೋಕಾಲಿ

ಶಿವಮೊಗ್ಗದಲ್ಲಿ ಅಂಗವೈಕಲ್ಯ ಇರುವವರೂ ಸೇರಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂಥ ಪಾರ್ಕ್ ಮಾಡಬೇಕೆಂದರೆ ಮೊದಲು ನೀರಿನ ಲೆಕ್ಕ ಹಾಕಬೇಕು. ಜೋಕಾಲಿ, ಜಾರುಬಂಡೆ ಎಲ್ಲ ಆಮೇಲೆ. ಶುರುವಿನಿಂದಲೂ ನಾನು ಇದನ್ನೇ ಹೇಳುತ್ತಾ ಬಂದೆ, ಯಾರೂ ಒಪ್ಪಲಿಲ್ಲ. "ಮಾರಾಯ್ರೇ, ದುಡ್ಡೆಲ್ಲ ಮಣ್ಣೊಳಗೆ ಹೂತರೆ ಉದ್ಘಾಟನೆ ದಿನ ತೋರಿಸೋದು ಏನನ್ನ?" ಅಂತ ಜೊತೆಗಿದ್ದ ಕಂಟ್ರಾಕ್ಟರೇ ಕೇಳಿದ್ದರು. ಈಗ ಮಳೆಗಾಲಗಳು ಕಳೆದಿವೆ. ಜುಲೈ ತಿಂಗಳಲ್ಲೂ ಮಳೆ ಹೊಳವಾದ ಅರ್ಧ ಗಂಟೆಗೆ ನಮ್ಮ ಅಂಗಳದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಅದೇ ಕಂಟ್ರಾಕ್ಟರು ಮೊನ್ನೆ ತಮ್ಮ ಮುಂದಿನ ಕೆಲಸಕ್ಕೆ ನನ್ನ ಡ್ರಾಯಿಂಗ್ ಕೇಳಿಕೊಂಡು ಬಂದರು. ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ಸುಮಾರು ಆರು ಸಾವಿರ ಚದರ ಅಡಿ, ಬಡಾವಣೆ ಪಾರ್ಕಿನ ಒಂದು ಮಗ್ಗುಲು. ಮೊದಲು ಬಂದ ಕೊಟೇಶನ್ 48 ಲಕ್ಷದ ಹತ್ತಿರ ಇತ್ತು. ಅದರಲ್ಲಿ ಮುಕ್ಕಾಲು ಪಾಲು ಬಣ್ಣದ ಪ್ಲಾಸ್ಟಿಕ್. ನೆಲದ ಬಗ್ಗೆ ಇದ್ದದ್ದು ಒಂದೇ ಸಾಲು, 'ರಬ್ಬರ್ ಟೈಲ್ಸ್'. ರಬ್ಬರ್ ಟೈಲ್ಸ್ ನಮ್ಮ ಕಡೆ ಏನಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ಮೊದಲ ಮಳೆಗಾಲಕ್ಕೆ ಅಂಚು ಮೇಲೇಳುತ್ತದೆ, ಅಡಿಗೆ ನೀರು ನಿಲ್ಲುತ್ತದೆ, ಎತ್ತಿ ನೋಡಿದರೆ ಜರಿ ಹರಿದಾಡುತ್ತಿರುತ್ತದೆ. ಊರುಗೋಲು ಹಿಡಿದು ಬರುವ ಮಗುವಿಗೆ ಮೇಲೆದ್ದ ಅಂಚು ಅಂದರೆ ಬೀಳುವುದು ಗ್ಯಾರಂಟಿ.

ಡ್ರಾಯಿಂಗ್ ಹಾಕುವ ಮೊದಲು ಬೆಂಗಳೂರಿನ ಕೋಲ್ಸ್ ಪಾರ್ಕ್ ನೋಡಿ ಬಂದೆ. ಅಲ್ಲಿ ಕಿಲಿಕಿಲಿ ಸಂಸ್ಥೆಯವರು ಬಹಳ ಹಿಂದೆಯೇ ಈ ದಾರಿ ತೋರಿಸಿದ್ದಾರೆ. ನಾನು ಅಲ್ಲಿಂದ ತಂದದ್ದು ಒಂದೇ ಮಾತು: ಎಲ್ಲ ಮಕ್ಕಳೂ ಒಂದೇ ಕಡೆ ಆಡಬೇಕು, 'ವಿಶೇಷ ಮಕ್ಕಳಿಗೆ' ಅಂತ ಬೋರ್ಡ್ ಹಾಕಿ ಮೂಲೆಗೆ ಕೂರಿಸಬಾರದು. ಉಳಿದದ್ದನ್ನು ಇಲ್ಲೇ ಕಲಿಯಬೇಕಿತ್ತು. ಸಂಜೆ ಹೊತ್ತು ಪಾರ್ಕಿನಲ್ಲಿ ಕೂತು ಯಾರು ಬರುತ್ತಾರೆ, ಹೇಗೆ ಬರುತ್ತಾರೆ ಅಂತ ನೋಡುತ್ತಿದ್ದೆ. ವೀಲ್‌ಚೇರಿನಲ್ಲಿ ಬರುವ ಮಕ್ಕಳು ಕಡಿಮೆ. ಅಮ್ಮನ ಸೊಂಟದ ಮೇಲೆ, ಅಜ್ಜನ ಹೆಗಲ ಮೇಲೆ ಬರುವವರೇ ಜಾಸ್ತಿ. ಏಳೆಂಟು ವರ್ಷದ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಅಜ್ಜಿ, "ಇಲ್ಲಿ ಇವನ್ನ ಇಳಿಸೋಕೆ ಒಂದು ಜಾಗ ಇಲ್ವಲ್ಲಪ್ಪ, ನೆಲದ ಮೇಲೆ ಇಳಿಸಿದ್ರೆ ಮತ್ತೆ ಎತ್ತೋಕೆ ನನ್ನ ಕೈಲಿ ಆಗಲ್ಲ" ಅಂದರು. ಆವತ್ತೇ ಡ್ರಾಯಿಂಗಿಗೆ ಜಗಲಿ ಸೇರಿತು. ಒಂದೂವರೆ ಅಡಿ ಎತ್ತರ, ಅಂಚು ದುಂಡಗೆ, ಪ್ರತಿ ಆಟದ ಪಕ್ಕದಲ್ಲೂ. ಮಗುವನ್ನು ಜಗಲಿ ಮೇಲೆ ಕೂರಿಸಿದರೆ ಅಲ್ಲಿಂದ ಅದೇ ತೆವಳಿಕೊಂಡು ಜೋಕಾಲಿಗೆ ಹೋಗುತ್ತದೆ. ಯಾವ ಕ್ಯಾಟಲಾಗಿನಲ್ಲೂ ಇದು ಇರಲಿಲ್ಲ.

ಈಗ ನೆಲಕ್ಕೆ ಬರೋಣ. ಅಡಿಕೆ ತೋಟದಲ್ಲಿ ಬಸಿಗಾಲುವೆ ಹೊಡೆಯುತ್ತಾರಲ್ಲ, ಅದನ್ನೇ ಇಲ್ಲಿ ಹೊಡೆದೆವು. ಎರಡಡಿ ಆಳ, ಹನ್ನೆರಡು-ಹದಿನೈದು ಅಡಿಗೊಂದು. ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು) ಹಾಸಿ, ತೂತು ಹೊಡೆದ ನಾಲ್ಕಿಂಚು ಪೈಪ್ ಇಟ್ಟು, ಮೇಲೆ ದಪ್ಪ ಜಲ್ಲಿ. ತೊಂದರೆ ಆಗಿದ್ದು ನೀರು ಹೊರಗೆ ಬಿಡುವಲ್ಲಿ. ರಸ್ತೆ ಬದಿ ಚರಂಡಿಯ ಮಟ್ಟವೇ ನಮ್ಮ ಪೈಪಿಗಿಂತ ಮೇಲಿತ್ತು. ಜೋರು ಮಳೆಗೆ ಅಲ್ಲಿನ ನೀರು ನಮ್ಮೊಳಗೇ ತಿರುಗಿ ಬರುತ್ತಿತ್ತು. ಕೊನೆಗೆ ತಗ್ಗಿನ ಮೂಲೆಯಲ್ಲಿ ದೊಡ್ಡ ಇಂಗುಗುಂಡಿ ತೆಗೆಸಿ, ತುಂಬಿ ಮಿಕ್ಕಿದ್ದು ಮಾತ್ರ ಚರಂಡಿಗೆ ಹೋಗುವಂತೆ ಮಾಡಿದೆವು. ಆಗುಂಬೆಯ ಮಳೆ ನಮಗಿಲ್ಲ ಬಿಡಿ. ಆದರೆ ಪಾಚಿ ಕಟ್ಟುವಷ್ಟು ಧಾರಾಳವಾಗಿ ಇದೆ.

ದಾರಿಗೆ ಇಂಟರ್‌ಲಾಕ್ ಹಾಕಿಬಿಡಿ, ಅಗ್ಗ ಅಂತ ಎಲ್ಲರೂ ಹೇಳಿದರು. ಒಂದು ತುಂಡು ಹಾಕಿಸಿ ತೋರಿಸಿದೆ. ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ ಪ್ರತಿ ಜಾಯಿಂಟಿಗೂ ಕಟಕಟ ಅನ್ನುತ್ತದೆ. ಕತ್ತಿಗೆ ಬಲವಿಲ್ಲದ ಮಗುವಿನ ತಲೆ ಅದೇ ತಾಳಕ್ಕೆ ಅಲುಗುತ್ತದೆ. ನೋಡಿದವರು ಸುಮ್ಮನಾದರು. ಕಾಂಕ್ರೀಟೇ ಹಾಕಿದೆವು, 1.8 ಮೀಟರ್ ಅಗಲ, ಎರಡು ವೀಲ್‌ಚೇರ್ ಎದುರುಬದುರು ಹೋಗುವಷ್ಟು. ಅಡ್ಡಕ್ಕೆ ಐವತ್ತಕ್ಕೊಂದು ವಾಟ (ಐವತ್ತಡಿಗೆ ಒಂದಡಿ ಇಳಿಜಾರು), ದಾರಿಯ ಉದ್ದಕ್ಕೆ ಎಲ್ಲೂ ಇಪ್ಪತ್ತಕ್ಕೊಂದಕ್ಕಿಂತ ಜಾಸ್ತಿ ಏರು ಇಲ್ಲ. ತಿರುವಿನಲ್ಲೆಲ್ಲ 1500 ಮಿಲಿಮೀಟರ್ ಅಡ್ಡಗಲದ ಬರಿ ಜಾಗ, ವೀಲ್‌ಚೇರ್ ಪೂರ್ತಿ ತಿರುಗಲು. ಮೇಲ್ಮೈಗೆ ಪೊರಕೆ ಗೆರೆ, ನಡೆಯುವ ದಿಕ್ಕಿಗೆ ಅಡ್ಡವಾಗಿ. ಮರದ ನೆರಳಿನಲ್ಲೂ ಅಲ್ಲಿ ಪಾಚಿ ಹಿಡಿಯದಂತೆ ಫಿನಿಶಿಂಗಿನಲ್ಲಿ ಒಂದು ಕೆಲಸ ಮಾಡಿದ್ದೇವೆ. ಇನ್ನೆರಡು ಪಾರ್ಕಿನ ಕೆಲಸ ಕೈಯಲ್ಲಿದೆ, ಅದನ್ನು ಸದ್ಯ ಹೇಳುವುದಿಲ್ಲ.

ಅಂಟು ಬೆರೆಸಿ ಸುರಿದು ಹಾಕುವ ಇ.ಪಿ.ಡಿ.ಎಂ. ರಬ್ಬರ್ (ಬಿಸಿಲು-ಮಳೆ ತಡೆಯುವ ಕೃತಕ ರಬ್ಬರಿನ ಹರಳು) ಬಳಸಿದ್ದು ಮಕ್ಕಳು ಬೀಳುವ ಜಾಗಗಳಿಗೆ ಮಾತ್ರ, ಒಟ್ಟು ಒಂಬೈನೂರು ಚದರ ಅಡಿ. ಚದರ ಅಡಿಗೆ 230-240 ರೂಪಾಯಿ ಬಿತ್ತು ಅಂತ ನೆನಪು. ಯಾವ ಆಟವೂ 1.2 ಮೀಟರಿಗಿಂತ ಎತ್ತರ ಬೇಡ ಅಂತ ಮೊದಲೇ ಹಟ ಹಿಡಿದಿದ್ದರಿಂದ 50 ಮಿಲಿಮೀಟರ್ ದಪ್ಪ ಸಾಕಾಯಿತು. ಕೆಲಸ ಮಾಡಿದ್ದು ಫೆಬ್ರವರಿಯಲ್ಲಿ. ಅಂಟು ಗಾಳಿಯ ತೇವದಲ್ಲೇ ಗಟ್ಟಿಯಾಗುತ್ತದೆ ನಿಜ, ಆದರೆ ಹಸಿ ನೆಲದ ಮೇಲೋ ಮಳೆಯಲ್ಲೋ ಸುರಿದರೆ ನೊರೆ ಎದ್ದು ಪುಡಿಯಾಗುತ್ತದೆ. ಬಿಲ್ ವರ್ಷದೊಳಗೆ ಮುಗಿಸಬೇಕು ಅಂತ ಅಕ್ಟೋಬರಿನಲ್ಲೇ ಹಾಕಿಸಲು ಒತ್ತಾಯ ಬಂತು. ನಾನು ಒಪ್ಪಲಿಲ್ಲ.

ರಬ್ಬರಿನ ಬದಲು ಅಡಿಕೆ ಸಿಪ್ಪೆ ಯಾಕಾಗಬಾರದು ಅಂತ ಒಂದು ಪ್ರಯೋಗವನ್ನೂ ಮಾಡಿದೆ. ಲಾರಿಗಟ್ಟಲೆ ಸಿಗುತ್ತದೆ, ಬಾಡಿಗೆ ಕೊಟ್ಟರಾಯಿತು. ಒಂದಡಿ ದಪ್ಪ ಹರಡಿದೆವು. ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಕ್ಕಳು ಹಾರಿ ಹಾರಿ ಬಿದ್ದರು. ಮಳೆ ಹಿಡಿದ ಮೇಲೆ ಒತ್ತಿಕೊಂಡು ಮುದ್ದೆಯಾಯಿತು, ಗೆದ್ದಲೂ ಬಂತು. ಅಲ್ಲದೆ ಅದರ ಮೇಲೆ ಗಾಲಿ ಉರುಳುವುದೇ ಇಲ್ಲ. ಆ ಸಿಪ್ಪೆಯನ್ನೆಲ್ಲ ಗಿಡಗಳ ಬುಡಕ್ಕೆ ಹಾಕಿದೆವು.

ನನಗೆ ತುಂಬಾ ಹೆಮ್ಮೆ ಇರುವುದು ಮೆರ್ರಿ ಗೋ ರೌಂಡಿನ ಮೇಲೆ. ಎಂಟಡಿ ಅಗಲದ ತಟ್ಟೆ, ನೆಲಕ್ಕೆ ಸಮ. ವೀಲ್‌ಚೇರ್ ನೇರ ಮೇಲಕ್ಕೆ ಉರುಳುತ್ತದೆ, ಪಕ್ಕದಲ್ಲಿ ಓಡುವ ಮಕ್ಕಳೂ ಹತ್ತುತ್ತಾರೆ. ಕೊಟೇಶನ್ನಿನಲ್ಲಿ ಅದೊಂದಕ್ಕೇ ನಾಲ್ಕು ಲಕ್ಷ. ನಾನು ಭದ್ರಾವತಿಯಲ್ಲಿ ಲೇತ್ ಕೆಲಸ ಮಾಡುವ ಒಬ್ಬ ಹಳೇ ಟರ್ನರ್ ಹತ್ತಿರ ಹೋದೆ. ಗುಜರಿಯಿಂದ ಲಾರಿ ಹಬ್ (ಚಕ್ರದ ನಡುವಿನ ಭಾಗ) ತಂದು, ಹೊಸ ಟೇಪರ್ ಬೇರಿಂಗ್ ಹಾಕಿ ತಿರುಗಿಸಿದರು. ಶೆಡ್ಡಿನಲ್ಲಿ ಬೆರಳಲ್ಲಿ ತಳ್ಳಿದರೂ ಸಾಕಿತ್ತು. ಪಾರ್ಕಿಗೆ ತಂದ ಮೇಲೆ ಮಳೆ ಬಂತು, ಹೊಂಡ ತುಂಬಿತು, ಗ್ರೀಸ್ ತೊಳೆದುಹೋಗಿ ಬೇರಿಂಗ್ ನರಳತೊಡಗಿತು. ಸೀಲ್ ಬದಲಿಸಿದೆವು, ಮತ್ತೆ ಅದೇ ಕಥೆ. ಆಗಲೇ "ನಾವು ಮೊದಲೇ ಹೇಳಿದ್ವಿ" ಅನ್ನುವವರು ಜಾಸ್ತಿಯಾದರು. ಹೊಂಡದಿಂದ ಇಂಗುಗುಂಡಿಗೆ ಪೈಪ್ ಎಳೆದಿದ್ದರಿಂದ ಅರ್ಧ ಗೆದ್ದೆವು. ಉಳಿದರ್ಧ ಗೆದ್ದದ್ದು ಆ ಟರ್ನರ್ ಮಾತಿನಿಂದ: "ಹಬ್ಬನ್ನ ಬೋರಲು ಹಾಕಿ ಸಾರ್." ಬೋರಲು ಹಾಕಿದ ಲೋಟವನ್ನು ನೀರಿಗೆ ಒತ್ತಿದರೆ ಒಳಗೆ ಗಾಳಿ ನಿಲ್ಲುತ್ತದಲ್ಲ, ಹಾಗೆ ಈಗ ಹೊಂಡದಲ್ಲಿ ನೀರು ಏರಿದರೂ ಬೇರಿಂಗಿಗೆ ಮುಟ್ಟುವುದಿಲ್ಲ. ತಟ್ಟೆಗೂ ನೆಲಕ್ಕೂ ನಡುವಿನ ಸಂದು 8 ಮಿಲಿಮೀಟರಿಗಿಂತ ಕಡಿಮೆ, ಬೆರಳು ಹೋಗುವುದಿಲ್ಲ. ಆ ಸಂದಿಗೆ ಹಾಕಿದ ರಬ್ಬರ್ ಪಟ್ಟಿ ಯಾವುದರಿಂದ ಕತ್ತರಿಸಿದ್ದು ಎನ್ನುವುದು ಟರ್ನರಿಗೂ ನನಗೂ ಮಾತ್ರ ಗೊತ್ತು. ಎಲ್ಲ ಸೇರಿ ತೊಂಬತ್ತು ಸಾವಿರದ ಒಳಗೆ ಮುಗಿಯಿತು.

ಕಾಲುವೆ ತೋಡಿದ ಮಣ್ಣನ್ನು ಹೊರಗೆ ಕಳಿಸಲಿಲ್ಲ. ಅದರಲ್ಲೇ ನಾಲ್ಕಡಿ ದಿಬ್ಬ ಕಟ್ಟಿ, ಇಳಿಜಾರಿಗೆ ಲಾವಂಚ ನೆಟ್ಟು, ಜಾರುಬಂಡೆಯನ್ನು ದಿಬ್ಬದ ಮೇಲೆಯೇ ಮಲಗಿಸಿದೆವು. ಮೇಲಿಂದ ಬೀಳುವ ಭಯವೇ ಇಲ್ಲ. ದಿಬ್ಬ ಹತ್ತಲು ನಿಯಮದಲ್ಲಿ ಹನ್ನೆರಡಕ್ಕೊಂದು ರ‍್ಯಾಂಪ್ ಸಾಕು, ನಾವು ಹದಿನೈದಕ್ಕೊಂದು ಕೊಟ್ಟೆವು. ಮಗುವನ್ನು ಕೂರಿಸಿಕೊಂಡು ತಳ್ಳುವವರು ಎಷ್ಟೋ ಸಲ ಅಜ್ಜ-ಅಜ್ಜಿಯರೇ ಅಲ್ವಾ? ಜಾರುಬಂಡೆ ಪ್ಲಾಸ್ಟಿಕ್ ಅಲ್ಲ, ಸ್ಟೀಲ್. ಪ್ಲಾಸ್ಟಿಕ್ ಮೇಲೆ ಜಾರುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತು ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರಿಗೆ ಆಪರೇಶನ್ ಮಾಡಿ ಕೂರಿಸುವ ಸಾಧನ) ಹಾಕಿಸಿಕೊಂಡ ಮಕ್ಕಳಿಗೆ ತೊಂದರೆ ಕೊಡಬಹುದು. ಸ್ಟೀಲ್ ಬಿಸಿಲಿಗೆ ಕಾಯುತ್ತದೆ, ಅದಕ್ಕೆ ಉತ್ತರಕ್ಕೆ ಮುಖ, ಹೊಂಗೆ ಮರದ ನೆರಳು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಬರೀ ವೀಲ್‌ಚೇರ್ ನೋಡಿದರೆ ಆಗುವುದಿಲ್ಲ. ಆಟಿಸಂ ಇರುವ ಮಕ್ಕಳ ತಾಯಂದಿರು ಕೇಳಿದ್ದು ಒಂದೇ, ಬೇಲಿ ಮತ್ತು ಒಂದೇ ಗೇಟ್. ಮಗು ಓಡಿದರೆ ರಸ್ತೆಗೆ ಹೋಗಬಾರದು. ಗದ್ದಲ ತಡೆಯದ ಮಕ್ಕಳಿಗೆ ಮಾವಿನ ಮರದಡಿ ಜಂಬಿಟ್ಟಿಗೆಯ ಬಳಸು ಗೋಡೆ ಕಟ್ಟಿದೆವು, ಅಲ್ಲಿ ಕೂತರೆ ಆಟ ಕಾಣುತ್ತದೆ, ಸದ್ದು ಕಡಿಮೆ. ಸುತ್ತ ದೊಡ್ಡಪತ್ರೆ, ಮಜ್ಜಿಗೆಹುಲ್ಲು. ಮೊದಲು ಅಲ್ಲಿದ್ದ ಕಣಗಿಲೆಯನ್ನು ಬೇರುಸಹಿತ ಕೀಳಿಸಿದೆ, ಅದು ವಿಷ.

ಕಣ್ಣು ಕಾಣದ ಮಕ್ಕಳಿಗೆ ಬಡಿದು ಆಡುವ ಕೊಳವೆ ಮಾಡಲು ಹೋಗಿ ನಾನೇ ಅದರಲ್ಲಿ ಮುಳುಗಿಹೋದೆ. ಬಿದಿರು ಕುಟ್ಟೆ ಹಿಡಿದು ಹೋಯಿತು. ಜಿ.ಐ. ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಎಲ್ಲಿ ನೇತುಹಾಕಿದರೂ ಸತ್ತ ಸದ್ದು. ಪೈಪಿನ ತುದಿಯಿಂದ ಉದ್ದದ ಶೇಕಡ 22ರಷ್ಟು ಒಳಗೆ ತೂತು ಹೊಡೆದು ನೇತುಹಾಕಿದ ಮೇಲೆ ಗಂಟೆಯಂತೆ ಉಲಿಯಿತು. ಉದ್ದ ಅರ್ಧ ಮಾಡಿದರೆ ಸ್ವರ ಎರಡು ಸಪ್ತಕ ಮೇಲೇರುತ್ತದೆ. ಆ ಲೆಕ್ಕದಲ್ಲೇ ಐದು ಸ್ವರ ಕೂರಿಸಿದೆ.

ಒಟ್ಟು ಖರ್ಚು ಇಪ್ಪತ್ತು ಲಕ್ಷದ ಆಸುಪಾಸು. ಅದರಲ್ಲಿ ನೆಲಕ್ಕೇ ಒಂಬತ್ತು. ಆಟದ ಸಾಮಾನಿನ ಲೆಕ್ಕದಲ್ಲಿ ಬಸಿಗಾಲುವೆ ಬರುವುದಿಲ್ಲ ಅಂತ ಎರಡೂವರೆ ಲಕ್ಷದ ಬಿಲ್ಲನ್ನು ಕಚೇರಿಯಲ್ಲಿ ತಿಂಗಳುಗಟ್ಟಲೆ ತಡೆದರು. ಅಷ್ಟೂ ದಿನ ನಾನು ಸೊಸೈಟಿ ಸಾಲಕ್ಕೆ ಬಡ್ಡಿ ಕಟ್ಟಿದೆ. ಕಾಲುವೆ ಮುಚ್ಚುವ ಮೊದಲು ಟೇಪ್ ಹಿಡಿದು ತೆಗೆಸಿದ್ದ ಫೋಟೋಗಳೇ ಕೊನೆಗೆ ದುಡ್ಡು ಬಿಡಿಸಿದ್ದು. ಈ ಕೆಲಸಕ್ಕೆ ಇಳಿಯುವವರು ಆ ಫೋಟೋ ಮಾತ್ರ ಬಿಡಬೇಡಿ.

ನಿರ್ವಹಣೆಗೆ ವರ್ಷಕ್ಕೆ ಮೂವತ್ತೈದು-ನಲವತ್ತು ಸಾವಿರ ಬೇಕು. ಬಡಾವಣೆ ಸಂಘ ಅರ್ಧ ಹಾಕುತ್ತದೆ, ಉಳಿದದ್ದು ಒಬ್ಬ ಅಡಿಕೆ ವ್ಯಾಪಾರಿಯವರದು. ಮೇ ಕೊನೆಗೆ ಇಂಗುಗುಂಡಿ ಹೂಳು ತೆಗೆಸುತ್ತೇವೆ, ದಸರಾ ಕಳೆದ ಮೇಲೆ ಗ್ರೀಸ್. ಈ ಬೇಸಿಗೆಗೆ ನೀರಾಟದ ಮೇಜು ಸೇರಿಸುತ್ತಿದ್ದೇವೆ, ಕೆಳಗೆ ಕೂತವರ ಮೊಣಕಾಲು ಹೋಗುವಷ್ಟು ಖಾಲಿ ಬಿಟ್ಟು. ಬಂದ ಕೊಟೇಶನ್ ದುಬಾರಿ ಅನಿಸಿತು, ಕೆಲಸವನ್ನು ಭದ್ರಾವತಿಯ ಟರ್ನರಿಗೇ ಕೊಟ್ಟಿದ್ದೇನೆ.