ಮೋಡ ಕವಿದ ದಿನ ಗೆರೆಗಳು ಎಲ್ಲಿಗೆ ಹೋದವು?

ನಾನು ಕೆಲಸ ಮಾಡುವ ಕೋಣೆಯ ಕಿಟಕಿಗೆ ಎದುರಾಗಿ ಏಳು ಅಂತಸ್ತಿನ ಕಾಂಕ್ರೀಟ್ ಕಟ್ಟಡವೊಂದಿದೆ. ವಾಹನ ನಿಲ್ಲಿಸಲೆಂದೇ ಕಟ್ಟಿದ್ದು. ಅದಕ್ಕೆ ಕಿಟಕಿಯಿಲ್ಲ, ಬಣ್ಣವಿಲ್ಲ, ಅಲಂಕಾರದ ಗೋಜಿಲ್ಲ. ಅಂತಸ್ತಿಗೊಂದರಂತೆ ಉದ್ದಕ್ಕೆ ಹಾಯ್ದ ಅಡ್ಡಪಟ್ಟಿಗಳು, ಎಡತುದಿಯಲ್ಲಿ ಹೊರಗೆ ಚಾಚಿಕೊಂಡ ಮೆಟ್ಟಿಲು, ಅಷ್ಟೆ. ನಗರದ ಕಟ್ಟಡಗಳಲ್ಲಿ ಗೆರೆಗಳನ್ನು ಹಿಡಿಯಬೇಕೆಂಬ ಆಸೆ ಹುಟ್ಟಿದಾಗ ಮೊದಲು ಕ್ಯಾಮೆರಾ ತಿರುಗಿಸಿದ್ದು ಅದರ ಕಡೆಗೇ. ಅಂದು ಆಕಾಶದ ತುಂಬ ಮೋಡ. ಎಪ್ಪತ್ತು ಚಿತ್ರ ತೆಗೆದು ರಾತ್ರಿ ಕಂಪ್ಯೂಟರಿನಲ್ಲಿ ಹರವಿಕೊಂಡು ಕುಳಿತರೆ ಒಂದರಲ್ಲೂ ಗೆರೆಯಿಲ್ಲ. ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಂಡಿದ್ದ ಪಟ್ಟಿಗಳು ಒಂದೇ ಬೂದು ಹಾಸಿನಲ್ಲಿ ಕರಗಿಹೋಗಿದ್ದವು. ಕಾಂಟ್ರಾಸ್ಟ್, ಅಂದರೆ ಬೆಳಕು-ಕತ್ತಲಿನ ಅಂತರ, ಏರಿಸಿ ನೋಡಿದೆ. ಬೂದು ಬಣ್ಣ ಒರಟಾಯಿತೇ ಹೊರತು ಗೆರೆ ಮೂಡಲಿಲ್ಲ.

ಮೂರು ವಾರಗಳ ನಂತರ ಒಂದು ಬೆಳಿಗ್ಗೆ, ಒಂಬತ್ತರ ಬಿಸಿಲಿನಲ್ಲಿ, ಅದೇ ಕಿಟಕಿಯ ಬಳಿ ನಿಂತಿದ್ದೆ. ಪ್ರತಿ ಪಟ್ಟಿಯ ಮೇಲ್ಮುಖ ಬೆಳ್ಳಗೆ ಹೊಳೆಯುತ್ತಿತ್ತು, ಅದರ ಕೆಳಗಿನ ತೆರಪು ಕಪ್ಪಾಗಿ ಒಳಸರಿದಿತ್ತು. ಏಳು ಬಿಳಿ, ಏಳು ಕಪ್ಪು. ಅವುಗಳ ಮೇಲೆ ಓರೆಯಾಗಿ ಮೆಟ್ಟಿಲಿನ ನೆರಳು. ಕಟ್ಟಡ ಅದೇ, ಲೆನ್ಸ್ ಅದೇ, ನಾನು ನಿಂತ ಜಾಗವೂ ಅದೇ. ಅಂದು ನನಗೆ ಹೊಳೆದದ್ದನ್ನೇ ಈ ಎಲ್ಲ ವರ್ಷಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಕಲಿಯುತ್ತ ಬಂದಿದ್ದೇನೆ: ಚಿತ್ರದಲ್ಲಿ ಕಾಣುವ ಗೆರೆ ಕಟ್ಟಡದ ಸ್ವತ್ತಲ್ಲ. ಅದು ಎರಡು ಬೆಳಕುಗಳ ನಡುವಿನ ಗಡಿ. ಕಟ್ಟಡದ ಮೂಲೆ ಎಷ್ಟೇ ಚೂಪಾಗಿರಲಿ, ಅದರ ಎರಡೂ ಬದಿಯ ಗೋಡೆಗಳ ಮೇಲೆ ಸಮನಾದ ಬೆಳಕು ಬಿದ್ದರೆ ಚಿತ್ರದಲ್ಲಿ ಆ ಮೂಲೆ ಇರುವುದಿಲ್ಲ. ಗೆರೆ ಮತ್ತು ಕಾಂಟ್ರಾಸ್ಟ್ ಎಂದು ನಾವು ಎರಡು ಹೆಸರಿಟ್ಟಿರುವುದು ಒಂದೇ ಸಂಗತಿಗೆ.

ಛಾಯಾಗ್ರಹಣದ ಚರಿತ್ರೆ ಶುರುವಾಗುವುದೇ ಇದರ ಸಾಕ್ಷಿಯೊಂದಿಗೆ. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಚಿತ್ರ 1826–27ರ ಸುಮಾರಿನದು. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ತನ್ನ ಮನೆಯ ಮಹಡಿ ಕಿಟಕಿಯಿಂದ ಅಂಗಳದ ಕಟ್ಟಡಗಳನ್ನೂ ಚಾವಣಿಗಳನ್ನೂ ತವರದ ಮಿಶ್ರಲೋಹದ ತಗಡಿನ ಮೇಲೆ ಹಿಡಿದ. ತಗಡಿಗೆ ಬೆಳಕು ತಾಕಲು ಗಂಟೆಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ಸೂರ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಬಿಟ್ಟ. ಹಾಗಾಗಿ ಆ ಚಿತ್ರದಲ್ಲಿ ಎದುರುಬದುರಿನ ಗೋಡೆಗಳೆರಡೂ ಬಿಸಿಲಿನಲ್ಲಿವೆ, ಆಕಾರಗಳು ಒಂದರೊಳಗೊಂದು ಸೇರಿಹೋಗಿವೆ. ಅದನ್ನು ನೋಡಿದಾಗಲೆಲ್ಲ ನನ್ನ ಮೋಡದ ದಿನದ ಎಪ್ಪತ್ತು ಚಿತ್ರಗಳು ನೆನಪಾಗುತ್ತವೆ.

ಆ ಒಂಬತ್ತರ ಬಿಸಿಲಿನ ಬೆಳಗಿನ ನಂತರ ಸುಮಾರು ಎರಡು ತಿಂಗಳು ಕ್ಯಾಮೆರಾ ಇಲ್ಲದೆ ನಡೆದೆ. ಜೇಬಿನಲ್ಲೊಂದು ಪುಟ್ಟ ಪುಸ್ತಕ, ಪೆನ್ಸಿಲ್. ಯಾವ ಗೋಡೆಯ ಮೇಲೆ ಎಷ್ಟು ಹೊತ್ತಿಗೆ ಬಿಸಿಲು ಸವರಿಕೊಂಡು ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳುವುದೇ ಕೆಲಸ. ಸವರಿಕೊಂಡು ಎಂಬ ಮಾತನ್ನು ಬೇಕೆಂದೇ ಬಳಸಿದೆ. ಬಿಸಿಲು ಗೋಡೆಗೆ ನೇರವಾಗಿ ಎದುರಾಗಿ ಬಿದ್ದರೆ ಎಲ್ಲವೂ ಸಪಾಟಾಗಿ ಬೆಳಗುತ್ತದೆ. ಅದೇ ಬಿಸಿಲು ಗೋಡೆಗೆ ಬಹುತೇಕ ಸಮಾನಾಂತರವಾಗಿ ಹಾಯ್ದರೆ ಇಟ್ಟಿಗೆಯ ಸಂದು, ಕಾಂಕ್ರೀಟಿಗೆ ಅಂಟಿದ ಹಲಗೆಯ ಗುರುತು, ಒಂದು ಬೆರಳಿನಷ್ಟು ಮುಂದೆ ಬಂದ ಅಂಚು, ಪ್ರತಿಯೊಂದೂ ತನ್ನದೇ ನೆರಳನ್ನು ಎಳೆಯುತ್ತದೆ. ಒಂದು ಗೋಡೆಗೆ ಈ ಭಾಗ್ಯ ದಿನದಲ್ಲಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಸಿಕ್ಕರೆ ಹೆಚ್ಚು. ಮುಂಜಾನೆ ಮತ್ತು ಸಂಜೆಯ ಹೊಂಬಿಸಿಲೇ ಉತ್ತಮ ಎಂಬ ಉಪದೇಶವನ್ನು ನಾನು ಇಲ್ಲಿ ಒಪ್ಪುವುದಿಲ್ಲ. ಕೆಲವು ಗೋಡೆಗಳಿಗೆ ಸುಡುವ ಮಧ್ಯಾಹ್ನವೇ ಸರಿಯಾದ ಹೊತ್ತು, ಏಕೆಂದರೆ ಆಗ ಬೆಳಕು ಅವುಗಳ ಮೇಲಿನಿಂದ ಕೆಳಕ್ಕೆ ಸವರುತ್ತದೆ, ಸಜ್ಜಾಗಳ ನೆರಳು ನೀಳವಾಗಿ ಇಳಿಯುತ್ತದೆ.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಕೇಳಲು ಇದು ಸಣ್ಣ ಸಂಖ್ಯೆ. ಆದರೆ 30 ಮೀಟರ್ ಆಚೆಗಿನ ಕಟ್ಟಡವೊಂದು ನಿಮ್ಮ ಗೋಡೆಯ ಮೇಲೆ ನೆರಳು ಚೆಲ್ಲುತ್ತಿದ್ದರೆ, ಆ ನಾಲ್ಕು ನಿಮಿಷದಲ್ಲಿ ನೆರಳಿನ ಅಂಚು ಸುಮಾರು ಅರ್ಧ ಮೀಟರ್ ಜರುಗಿರುತ್ತದೆ. ಲೆನ್ಸ್ ಬದಲಿಸುತ್ತ ಕುಳಿತಿದ್ದಾಗ ಚಿತ್ರವೇ ಎದ್ದುಹೋದ ಅನುಭವ ನನಗೆ ಹಲವು ಸಲ ಆಗಿದೆ. ಅದಕ್ಕೇ ಈಗ ಇಪ್ಪತ್ತು ನಿಮಿಷ ಮೊದಲೇ ಹೋಗಿ, ಟ್ರೈಪಾಡ್ ಊರಿ, ಚೌಕಟ್ಟನ್ನು ಕೂಡಿಸಿ, ನೆರಳು ಬಂದು ತನ್ನ ಜಾಗದಲ್ಲಿ ನಿಲ್ಲುವವರೆಗೆ ಕಾಯುತ್ತೇನೆ.

ನೆರಳಿನ ಅಂಚು ಎಲ್ಲ ಕಡೆ ಒಂದೇ ಹದದಲ್ಲಿ ಹರಿತವಾಗಿರುವುದಿಲ್ಲ ಎಂಬುದು ತಡವಾಗಿ ಗಮನಕ್ಕೆ ಬಂತು. ಮೊದಮೊದಲು ಲೆನ್ಸಿನ ದೋಷವೆಂದೇ ತಿಳಿದಿದ್ದೆ. ಕಾರಣ ಆಕಾಶದಲ್ಲಿದೆ. ಸೂರ್ಯ ಒಂದು ಚುಕ್ಕೆಯಲ್ಲ, ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಪ್ರತಿ ನೆರಳಿನ ಅಂಚಿಗೂ ಒಂದು ಅರೆನೆರಳಿನ ಸೆರಗು ಇರುತ್ತದೆ, ಅದರ ಅಗಲ ನೆರಳು ಕೊಡುವ ವಸ್ತುವಿಗೂ ಗೋಡೆಗೂ ನಡುವಿನ ದೂರದ ನೂರರಲ್ಲೊಂದು ಭಾಗದಷ್ಟು. ಒಂದು ಮೀಟರ್ ಮುಂದಿರುವ ಕಂಬಿಯ ನೆರಳಿನ ಅಂಚು ಒಂದು ಸೆಂಟಿಮೀಟರಿನೊಳಗೆ ಮುಗಿಯುತ್ತದೆ, ಚಾಕುವಿನಿಂದ ಕತ್ತರಿಸಿದ ಹಾಗೆ. 30 ಮೀಟರ್ ದೂರದ ಗೋಪುರದ ನೆರಳಿನ ಅಂಚು ಸುಮಾರು 28 ಸೆಂಟಿಮೀಟರ್ ಹರಡಿಕೊಳ್ಳುತ್ತದೆ. ಇದು ತಿಳಿದ ಮೇಲೆ ನನ್ನ ಆಯ್ಕೆಯ ರೀತಿ ಬದಲಾಯಿತು. ಕಡಿದಾದ ಗೆರೆ ಬೇಕಿದ್ದರೆ ಕಟ್ಟಡ ತನ್ನ ಮೇಲೆ ತಾನೇ ಚೆಲ್ಲಿಕೊಳ್ಳುವ ನೆರಳನ್ನು ಹುಡುಕುತ್ತೇನೆ: ಸಜ್ಜಾ, ಮೆಟ್ಟಿಲು, ಬಾಲ್ಕನಿಯ ಕಂಬಿ. ಮೆತ್ತನೆಯ ಗಡಿ ಬೇಕಿದ್ದರೆ ನೆರೆಯ ಕಟ್ಟಡದ ನೆರಳಿಗಾಗಿ ಕಾಯುತ್ತೇನೆ. ಎರಡೂ ಒಂದೇ ಗೋಡೆಯ ಮೇಲೆ ಸಂಧಿಸಿದ ದಿನ ನನಗೆ ಊಟ ತಿಂಡಿಯ ನೆನಪಿರುವುದಿಲ್ಲ.

ಗಾಜಿನ ಕಟ್ಟಡಗಳಿಗೆ ಬೇರೆಯೇ ನ್ಯಾಯ. ಅವುಗಳನ್ನು ಚಿತ್ರಿಸುವುದಕ್ಕಿಂತ ಅವುಗಳ ಎದುರಿಗಿರುವುದನ್ನು ಚಿತ್ರಿಸುವುದು ನನಗೆ ಇಷ್ಟ. ಬಿಸಿಲು ಗಾಜಿಗೆ ತಾಗಿ ಹಿಂದಿರುಗಿ, ಇಡೀ ದಿನ ನೆರಳಿನಲ್ಲೇ ಇರಬೇಕಾದ ಎದುರಿನ ಗೋಡೆಯ ಮೇಲೆ ಬಳುಕುವ ಬೆಳಕಿನ ಬಲೆಯನ್ನು ಬೀಸುತ್ತದೆ. ಗಾಜಿನ ಹಾಳೆಗಳು ನೋಡಲು ನೇರವಾಗಿದ್ದರೂ ಒಂದೊಂದೂ ತುಸುವೇ ಉಬ್ಬಿರುತ್ತದೆ ಅಥವಾ ತಗ್ಗಿರುತ್ತದೆ, ಅದಕ್ಕೇ ಆ ಬಲೆಯ ಗೆರೆಗಳು ಬಾಗುತ್ತವೆ. ನೇರ ಗೆರೆಗಳೇ ತುಂಬಿದ ಬೀದಿಯಲ್ಲಿ ಬಾಗಿದ ಗೆರೆ ಸಿಗುವುದು ಹೀಗೆ.

ಇನ್ನು ನೆಟ್ಟಗಿನ ಗೆರೆಗಳ ವಿಚಾರ. ಎತ್ತರದ ಕಟ್ಟಡದ ಬುಡದಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಲಂಬ ಗೆರೆಗಳು ಮೇಲೆ ಹೋದಂತೆ ಹತ್ತಿರವಾಗಿ, ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಗೋಡೆಗೆ ಸಮಾನಾಂತರವಾಗಿದ್ದರೆ ಮಾತ್ರ ಅವು ನೆಟ್ಟಗಿರುತ್ತವೆ. ಇದಕ್ಕಾಗಿಯೇ ಶಿಫ್ಟ್ ಲೆನ್ಸ್‌ಗಳಿವೆ. 1960ರ ದಶಕದ ಆರಂಭದಲ್ಲೇ ನಿಕಾನ್ ಸಂಸ್ಥೆ ಸಣ್ಣ ಕ್ಯಾಮೆರಾಗಳಿಗೆ 35 ಮಿ.ಮೀ.ನ ಅಂಥ ಲೆನ್ಸ್ ತಂದಿತ್ತು. ಕ್ಯಾಮೆರಾವನ್ನು ವಾಲಿಸದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಿ ಕಟ್ಟಡದ ತುದಿಯನ್ನು ಒಳತರುವ ಉಪಾಯ ಅದು. ನನ್ನಲ್ಲಿ ಅದು ಇಲ್ಲ. ನಾನು ಮಾಡುವುದು ಎರಡೇ. ಒಂದು, ಎದುರಿನ ಕಟ್ಟಡದಲ್ಲಿ ಅರ್ಧ ಎತ್ತರಕ್ಕೆ ಹತ್ತುವುದು. ಏಳು ಅಂತಸ್ತಿನ ಕಟ್ಟಡವನ್ನು ಮೂರನೆಯ ಅಥವಾ ನಾಲ್ಕನೆಯ ಅಂತಸ್ತಿನಿಂದ ನೋಡಿದರೆ ಕ್ಯಾಮೆರಾವನ್ನು ವಾಲಿಸುವ ಪ್ರಮೇಯವೇ ಬರುವುದಿಲ್ಲ. ಒಳಗಿನವರ ಅನುಮತಿ ಮೊದಲೇ ಕೇಳಿದರೆ ಬಹಳಷ್ಟು ಮಂದಿ ಒಪ್ಪುತ್ತಾರೆ. ಹತ್ತಲು ಆಗದ ಕಡೆ ಸುತ್ತ ಸಾಕಷ್ಟು ಜಾಗ ಬಿಟ್ಟು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಗೆರೆಗಳನ್ನು ನೆಟ್ಟಗೆ ಮಾಡುತ್ತೇನೆ. ಹೀಗೆ ಮಾಡುವಾಗ ಮೇಲ್ಭಾಗ ಹಿಗ್ಗುತ್ತದೆ, ಎರಡು ಬದಿಗಳು ಕತ್ತರಿಸಿ ಹೋಗುತ್ತವೆ, ಅದಕ್ಕೇ ಜಾಗ ಬಿಡುವುದು. ಕೆಳಗಿನಿಂದ ತೆಗೆದ ಚಿತ್ರವನ್ನು ಪೂರ್ತಿ ನೆಟ್ಟಗೆ ಮಾಡಿದರೆ ಕಟ್ಟಡದ ತಲೆ ಭಾರವಾದಂತೆ ಕಾಣುತ್ತದೆ. ಕೂದಲೆಳೆಯಷ್ಟು ವಾಲುವಿಕೆ ಉಳಿಸಿದರೆ ಕಣ್ಣು ನಂಬುತ್ತದೆ.

ವಾಲಿಸುವುದೇ ತಪ್ಪು ಎಂದಲ್ಲ. ರಷ್ಯಾದ ಅಲೆಕ್ಸಾಂಡರ್ ರಾಡ್ಚೆಂಕೊ 1925ರಲ್ಲಿ ಮಾಸ್ಕೋದ ಒಂದು ವಸತಿ ಕಟ್ಟಡದ ಬುಡದಲ್ಲಿ ನಿಂತು ಕ್ಯಾಮೆರಾವನ್ನು ಬಹುತೇಕ ಆಕಾಶಕ್ಕೇ ತಿರುಗಿಸಿ ಬಾಲ್ಕನಿಗಳನ್ನು ಚಿತ್ರಿಸಿದ. ಅವು ಏಣಿಯ ಮೆಟ್ಟಿಲುಗಳಂತೆ ಮೇಲೇರಿ ಹೋಗುತ್ತವೆ. ಅಲ್ಲಿ ವಾಲಿಕೆ ಸಂಪೂರ್ಣವಾಗಿದೆ, ಉದ್ದೇಶಪೂರ್ವಕವಾಗಿದೆ. ನನ್ನ ಹಳೆಯ ಚಿತ್ರಗಳ ತೊಂದರೆ ಅವು ಅರೆಬರೆ ವಾಲಿದ್ದವು ಎಂಬುದು. ನೋಡುವವರಿಗೆ ಅದು ನಿರ್ಧಾರವಾಗಿ ಕಾಣಲಿಲ್ಲ, ಕೈ ಜಾರಿದಂತೆ ಕಂಡಿತು.

ಲೆನ್ಸಿನ ಆಯ್ಕೆಯಲ್ಲಿ ನನಗೆ ಖಚಿತ ಅಭಿಪ್ರಾಯವಿದೆ: ಗೆರೆಗಳಿಗೆ ಅಗಲದ ಲೆನ್ಸ್‌ಗಿಂತ ದೂರದ್ದನ್ನು ಹತ್ತಿರ ತರುವ ಉದ್ದದ ಲೆನ್ಸ್ ಒಳ್ಳೆಯದು. ಅಗಲದ ಲೆನ್ಸ್ ಇಡೀ ಕಟ್ಟಡವನ್ನೂ, ಅದರ ಜೊತೆಗೆ ವಿದ್ಯುತ್ ತಂತಿ, ಫಲಕ, ನಿಂತ ಕಾರುಗಳನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. 100 ಅಥವಾ 135 ಮಿ.ಮೀ.ನ ಉದ್ದದ ಲೆನ್ಸಿನಲ್ಲಿ ದೂರದಿಂದ ನೋಡಿದರೆ ಕಟ್ಟಡದ ಒಂದು ತುಂಡು ಸಿಗುತ್ತದೆ. ಆ ತುಂಡಿನಲ್ಲಿ ಕಟ್ಟಡದ ಹೆಸರು ಇರುವುದಿಲ್ಲ, ಗೆರೆಗಳ ಸಂಬಂಧ ಇರುತ್ತದೆ. ಮೊಬೈಲಿನಲ್ಲಿ ತೆಗೆಯುವವರೂ ಎರಡು ಪಟ್ಟು ಹತ್ತಿರ ತರುವ ಲೆನ್ಸಿಗೆ ಹೋದರೆ ಅಂಚುಗಳ ಎಳೆತ ಬಹಳ ಕಡಿಮೆಯಾಗುತ್ತದೆ. ಲೂಸಿಯಾಂ ಎರ್ವೆ ಎಂಬ ಛಾಯಾಗ್ರಾಹಕ 1949ರಲ್ಲಿ ಮಾರ್ಸೇ ನಗರದಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ ಕಟ್ಟಿಸುತ್ತಿದ್ದ ಭಾರೀ ವಸತಿ ಸಮುಚ್ಚಯವನ್ನು ಒಂದೇ ದಿನದಲ್ಲಿ 650 ಚಿತ್ರಗಳಲ್ಲಿ ಹಿಡಿದು ಅವನಿಗೆ ಕಳುಹಿಸಿದ. ಅದರ ನಂತರ ಲೆ ಕಾರ್ಬ್ಯೂಸಿಯೆ ಬದುಕಿದ್ದಷ್ಟು ಕಾಲ ಅವನ ಕಟ್ಟಡಗಳ ಛಾಯಾಗ್ರಾಹಕ ಎರ್ವೆಯೇ ಆದ. ಎರ್ವೆ ತನ್ನ ಚಿತ್ರಗಳನ್ನು ಕತ್ತರಿಯಿಂದ ನಿರ್ದಾಕ್ಷಿಣ್ಯವಾಗಿ ಕತ್ತರಿಸುತ್ತಿದ್ದ. ಆ ಕತ್ತರಿಯ ಧೈರ್ಯ ನನಗೂ ಬೇಕೆನಿಸಿ, ಒಂದು ವಾರ ನನ್ನ ಹಳೆಯ ಅಗಲದ ಚಿತ್ರಗಳನ್ನು ಮುದ್ರಿಸಿ, ನಾಲ್ಕು ರಟ್ಟಿನ ಪಟ್ಟಿಗಳನ್ನು ಅವುಗಳ ಮೇಲೆ ಸರಿಸುತ್ತ ಕುಳಿತಿದ್ದೆ. ಎಷ್ಟೋ ಚಿತ್ರಗಳ ಮೂಲೆಯಲ್ಲಿ ನಾನು ಕಾಣದೇ ಬಿಟ್ಟಿದ್ದ ಒಳ್ಳೆಯ ಚಿತ್ರವೊಂದು ಕುಳಿತಿತ್ತು.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬ ವಿಷಯದಲ್ಲಿ ಕ್ಯಾಮೆರಾದ ಅಳತೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಎದುರಿಗೆ ಏನೇ ಇದ್ದರೂ ಅದು ನಡುಮಟ್ಟದ ಬೂದು ಎಂದೇ ಕ್ಯಾಮೆರಾ ಭಾವಿಸುತ್ತದೆ. ಬಿಳಿ ಗೋಡೆ ತುಂಬಿದ್ದರೆ ಮಂಕಾಗಿಸುತ್ತದೆ, ಕಪ್ಪು ನೆರಳು ತುಂಬಿದ್ದರೆ ಬಿಸಿಲಿನ ಭಾಗವನ್ನು ಸುಟ್ಟುಹಾಕುತ್ತದೆ. ಬಿಸಿಲು ಬಿದ್ದ ಗೋಡೆಯ ಮೇಲಷ್ಟೇ ಅಳತೆ ತೆಗೆದುಕೊಂಡು, ಒಂದು ಅಥವಾ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಏರಿಸಿ, ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನಕ್ಷೆಯ ಬಲತುದಿ ಅದರ ಅಂಚಿಗೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುತ್ತೇನೆ. ನೆರಳು ಕಪ್ಪಾಗುವುದಾದರೆ ಆಗಲಿ. ನೆರಳಿನ ಒಳಗಿರುವುದನ್ನೆಲ್ಲ ಎಳೆದು ತೋರಿಸುವ ಎಚ್‌ಡಿಆರ್ ಚಿತ್ರಗಳು ನನಗೆ ಹಿಡಿಸುವುದಿಲ್ಲ, ಏಕೆಂದರೆ ಅವು ನಾನು ಕಾದು ಪಡೆದ ಗಡಿಯನ್ನೇ ಅಳಿಸುತ್ತವೆ. ಐಎಸ್ಒ (ಸೆನ್ಸರಿನ ಸಂವೇದನೆ) 100, ಲೆನ್ಸಿನ ತೆರಪು ಎಫ್/8, ಕ್ಯಾಮೆರಾ ತಿದ್ದದ ಮೂಲ ದಾಖಲೆಯಾದ ರಾ ಕಡತ. ಉಳಿದದ್ದು ಶಟರಿಗೆ ಬಿಟ್ಟದ್ದು.

ಕಪ್ಪು-ಬಿಳುಪಿಗೆ ತಿರುಗಿಸುವಾಗ ಕಂಡುಕೊಂಡ ಒಂದು ಸಂಗತಿಯನ್ನು ಹೇಳಲೇಬೇಕು. ಬಿಸಿಲು ಬಿದ್ದ ಕಾಂಕ್ರೀಟ್ ತುಸು ಹಳದಿಯಾಗಿರುತ್ತದೆ. ನೆರಳಿನ ಭಾಗಕ್ಕೆ ಬೆಳಕು ಬರುವುದು ನೀಲಿ ಆಕಾಶದಿಂದ, ಹಾಗಾಗಿ ಅದು ನೀಲಿಯಾಗಿರುತ್ತದೆ. ಕಣ್ಣು ಇದನ್ನು ಸರಿದೂಗಿಸಿಕೊಳ್ಳುತ್ತದೆ, ಕ್ಯಾಮೆರಾ ಹಾಗೆಯೇ ಬರೆದಿಡುತ್ತದೆ. ಆದ್ದರಿಂದ ಒಟ್ಟಾರೆ ಕಾಂಟ್ರಾಸ್ಟ್ ಏರಿಸುವ ಬದಲು ನೀಲಿಯನ್ನಷ್ಟೇ ಇಳಿಸಿದರೆ ಆಕಾಶವೂ ನೆರಳೂ ಒಟ್ಟಿಗೆ ಗಾಢವಾಗುತ್ತವೆ, ಬಿಸಿಲಿನ ಗೋಡೆಯ ಮೈ ಮಾತ್ರ ಹಾಗೆಯೇ ಉಳಿಯುತ್ತದೆ. ಫಿಲ್ಮ್ ಕಾಲದಲ್ಲಿ ಲೆನ್ಸಿನ ಮುಂದೆ ಕೆಂಪು ಗಾಜು ಇಡುತ್ತಿದ್ದವರು ಮಾಡುತ್ತಿದ್ದುದೂ ಇದನ್ನೇ.

ಮನುಷ್ಯರನ್ನು ನಾನು ಬಹಳ ಕಾಲ ಚಿತ್ರದಿಂದ ಹೊರಗಿಟ್ಟಿದ್ದೆ. ಛಾಯಾಗ್ರಾಹಕ ಪಾಲ್ ಸ್ಟ್ರ್ಯಾಂಡ್ 1915ರಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟ್‌ನಲ್ಲಿ ತೆಗೆದ ಚಿತ್ರವನ್ನು ನೋಡಿದ ಮೇಲೆ ಮನಸ್ಸು ಬದಲಾಯಿತು. ಬ್ಯಾಂಕ್ ಕಟ್ಟಡದ ಭಾರೀ ಕಪ್ಪು ಆಯತಗಳು, ಅವುಗಳ ಕೆಳಗೆ ಉದ್ದನೆಯ ನೆರಳು ಎಳೆದುಕೊಂಡು ನಡೆಯುವ ಪುಟ್ಟ ಜನ. ಆ ಜನರಿಲ್ಲದಿದ್ದರೆ ಆ ಕಪ್ಪು ಎಷ್ಟು ದೊಡ್ಡದೆಂದು ತಿಳಿಯುತ್ತಲೇ ಇರಲಿಲ್ಲ. ಈಗ ಚೌಕಟ್ಟು ಸಿದ್ಧವಾದ ಮೇಲೆ, ಬಿಸಿಲಿನ ಪಟ್ಟಿಯೊಳಗೆ ಒಬ್ಬರು ಕಾಲಿಡುವವರೆಗೆ ಕಾಯುತ್ತೇನೆ. ಮುಖ ಗುರುತು ಸಿಗದಷ್ಟು ದೂರದಲ್ಲಿರುವುದು ನನ್ನ ನಿಯಮ.

ಎದುರಿನ ಆ ವಾಹನ ನಿಲುಗಡೆ ಕಟ್ಟಡಕ್ಕೆ ಇಂದಿಗೂ ಮರಳುತ್ತಿರುತ್ತೇನೆ. ವರ್ಷದಲ್ಲಿ ಸೂರ್ಯನ ಹಾದಿ ಉತ್ತರ ದಕ್ಷಿಣವಾಗಿ ಸುಮಾರು 47 ಡಿಗ್ರಿ ಸರಿಯುತ್ತದೆ. ಜೂನ್ ಮತ್ತು ಡಿಸೆಂಬರ್ ಕೊನೆಯಲ್ಲಿ ಅದು ನಿಂತೇಬಿಟ್ಟಂತಿರುತ್ತದೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ದಿನಕ್ಕೆ 0.4 ಡಿಗ್ರಿಯಷ್ಟು ಓಡುತ್ತದೆ. ನೆರೆಯ ಗೋಪುರದ ನೆರಳು ನನ್ನ ಏಳು ಪಟ್ಟಿಗಳ ಬಲತುದಿಯನ್ನು ಮುಚ್ಚಿ, ಮೆಟ್ಟಿಲಿನ ಓರೆ ನೆರಳಿನ ತುದಿಗೆ ಸರಿಯಾಗಿ ಬಂದು ಮುಟ್ಟುವುದು ಮಾರ್ಚ್ ಮೂರನೆಯ ವಾರದಲ್ಲಿ, ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ, ಎರಡೋ ಮೂರೋ ದಿನ ಮಾತ್ರ. ಅವು ಕಳೆದ ಮರುದಿನ ಅದೇ ಹೊತ್ತಿಗೆ ನೋಡಿದರೆ ಅಂಚು ಒಂದು ಗೇಣು ಆಚೆ ಹೋಗಿರುತ್ತದೆ. ಮೊದಲ ವರ್ಷ ಅದನ್ನು ಕಿಟಕಿಯಿಂದ ಬರಿಗಣ್ಣಿನಲ್ಲಿ ನೋಡಿದೆ, ಕ್ಯಾಮೆರಾ ಮನೆಯಲ್ಲಿತ್ತು. ಎರಡನೆಯ ವರ್ಷ ಆ ಮೂರೂ ದಿನ ಮೋಡ. ಕಳೆದ ವರ್ಷ ಚಿತ್ರ ಸಿಕ್ಕಿತು, ಆದರೆ ಮೂರನೆಯ ಪಟ್ಟಿಯ ಮೇಲೆ ಯಾರೂ ಬಂದು ನಿಲ್ಲಲಿಲ್ಲ. ಈ ವರ್ಷದ ದಿನಾಂಕಗಳನ್ನು ಆಗಲೇ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.